ಎರಡು ಸೂಜಿಯೋ, ನಾಲ್ಕು ಸೂಜಿಯೋ

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನಾನು ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ಸಕಲೇಶಪುರದ ಹತ್ತಿರದ ನಮ್ಮೂರಿನಲ್ಲಿ ಅಕ್ಕನ ಮಗನಿಗೆ ಇತ್ತೀಚಿನವರೆಗೂ ಎರಡೇ ಸಲ. ಇಬ್ಬರದೂ ಟೈಪ್ ಒನ್ ಮಧುಮೇಹ, ಅಂದರೆ ಮೈ ತಾನಾಗಿ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಡುವ ಬಗೆ. ನನಗೆ ಮೂವತ್ತರಲ್ಲಿ ಬಂತು, ಅವನಿಗೆ ಒಂಬತ್ತರಲ್ಲಿ. ಊರಿಗೆ ಹೋದಾಗಲೆಲ್ಲ ‘ಇನ್ನೂ ಆ ಹಳೇ ಪದ್ಧತಿಯೇನಕ್ಕಾ?’ ಎಂದು ಕಾಡುತ್ತಿದ್ದೆ. ಹೊರದೇಶದಲ್ಲಿ ಇರುವವರಿಗೆ ಊರಿನವರನ್ನು ತಿದ್ದುವ ಚಪಲ ತುಸು ಹೆಚ್ಚು.

ಆಗ ಅವನದು ಮಿಶ್ರ ಇನ್ಸುಲಿನ್. ಶೇಕಡಾ 30 ಪಾಲು ಬೇಗ ಕೆಲಸ ಮಾಡುವುದು, 70 ಪಾಲು ನಿಧಾನದ್ದು. ತಿಂಡಿಗೆ ಅರ್ಧ ಗಂಟೆ ಮೊದಲು ಒಂದು ಸೂಜಿ, ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು ಇನ್ನೊಂದು. ಬೆಳಿಗ್ಗೆ ಹಾಕಿದ ನಿಧಾನದ ಪಾಲು ಮಧ್ಯಾಹ್ನದ ಹೊತ್ತಿಗೆ ಚುರುಕಾಗುತ್ತದೆ. ಆಗ ಹೊಟ್ಟೆಯಲ್ಲಿ ಅನ್ನ ಇರಲೇಬೇಕು, ಇಲ್ಲದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಮನೆಯಲ್ಲಿ ಇದಕ್ಕೆ ತೊಂದರೆಯಿಲ್ಲ, ಒಂದು ಗಂಟೆಗೆ ಅಕ್ಕ ಎಲೆ ಹಾಕುತ್ತಾಳೆ. ಆದರೆ ಹಾಸನದಲ್ಲಿ ಒಂದು ಮದುವೆ. ಮೊದಲ ಪಂಕ್ತಿಯಲ್ಲಿ ಜಾಗ ಸಿಗಲಿಲ್ಲ, ಎರಡನೆಯದಕ್ಕೆ ಕಾಯುವಾಗ ಗಂಟೆ ಎರಡೂವರೆ. ಹುಡುಗನ ಅಂಗಿಯ ಬೆನ್ನು ಒದ್ದೆಯಾಗಿತ್ತು, ಕುರ್ಚಿಯ ಕೈ ಹಿಡಿದಿದ್ದ ಬೆರಳುಗಳು ನಡುಗುತ್ತಿದ್ದವು. ‘ಮಾವ, ಏನೋ ಆಗುತ್ತಿದೆ’ ಎಂದ. ಅಡುಗೆಯವರಿಂದ ಸಕ್ಕರೆ ಇಸಿದುಕೊಂಡು ನೀರಿಗೆ ಮೂರು ಚಮಚ ಕಲಸಿ ಕುಡಿಸಿದೆವು. ಹದಿನೈದು ನಿಮಿಷದಲ್ಲಿ ಸರಿಹೋದ.

ನನ್ನ ಕ್ರಮದಲ್ಲಿ ಈ ಪಾಡಿಲ್ಲ. ಹೆಚ್ಚುಕಡಿಮೆ ಇಡೀ ದಿನ ಹಿನ್ನೆಲೆಯಲ್ಲಿ ನಡೆಯುವ ಇನ್ಸುಲಿನ್ ಒಂದು ಸಲ, ಊಟಕ್ಕೊಂದರಂತೆ ಬೇಗ ಕೆಲಸ ಮಾಡುವುದು ಮೂರು ಸಲ. ಊಟ ತಡವಾದರೆ ಸೂಜಿಯೂ ತಡ, ಊಟ ಬಿಟ್ಟರೆ ಆ ಸೂಜಿಯೂ ಇಲ್ಲ. ಟೈಪ್ ಒನ್ ಇರುವವರ ಮೇಲೆ ನಡೆದ ಅಮೆರಿಕದ ಡಿಸಿಸಿಟಿ ಅಧ್ಯಯನ 1993ರಲ್ಲಿ ಹೊರಬಂದದ್ದನ್ನು ಅಕ್ಕನಿಗೆ ಎಷ್ಟೋ ಸಲ ಓದಿ ಹೇಳಿದ್ದೇನೆ: ದಿನಕ್ಕೆ ಮೂರು ಸಲವಾದರೂ ಚುಚ್ಚಿಕೊಂಡು ಅಥವಾ ಇನ್ಸುಲಿನ್ ಪಂಪ್ ಹಾಕಿಕೊಂಡು, ರಕ್ತ ನೋಡಿ ಡೋಸ್ ಬದಲಿಸಿದವರಲ್ಲಿ ಕಣ್ಣಿನ ತೊಂದರೆ ಶುರುವಾಗುವ ಅಪಾಯ ಶೇಕಡಾ 76ರಷ್ಟು ಇಳಿಯಿತು. ಅವರಲ್ಲೇ ಸಕ್ಕರೆ ವಿಪರೀತ ಕುಸಿಯುವುದು ಸುಮಾರು ಮೂರು ಪಟ್ಟಾಗಿತ್ತು ಎಂಬುದನ್ನು ಮಾತ್ರ ಓದಿ ಹೇಳಿರಲಿಲ್ಲ.

ನನ್ನ ಜಂಬ ಇಳಿದದ್ದು ಸಿರಿಂಜಿನಿಂದ. ಹೋದ ಸಲ ಶೆಫೀಲ್ಡಿನಿಂದ ಎರಡು ಪೊಟ್ಟಣ ತೆಳು ಸೂಜಿಯ ಸಿರಿಂಜ್ ಒಯ್ದಿದ್ದೆ. ಮೂರನೆಯ ದಿನ ಹುಡುಗನ ಸಕ್ಕರೆ 400 ದಾಟಿತು. ಅಕ್ಕನೇ ಕಂಡುಹಿಡಿದಳು: ‘ನಮ್ಮದರ ಮುಚ್ಚಳ ಕೆಂಪು, ನಿನ್ನದು ಕಿತ್ತಳೆ, ಏನಿದು?’ ಅವಳ ಬಾಟಲಿಯಲ್ಲಿ ಮಿಲಿಲೀಟರಿಗೆ 40 ಯೂನಿಟ್. ನಾನು ತಂದ ಸಿರಿಂಜಿನ ಗೆರೆಗಳು ಮಿಲಿಲೀಟರಿಗೆ 100 ಯೂನಿಟ್ಟಿನವು. ಇಪ್ಪತ್ತರ ಗೆರೆಗೆ ಎಳೆದರೆ ಒಳಹೋಗುತ್ತಿದ್ದದ್ದು ಎಂಟೇ ಯೂನಿಟ್. ನಾಲ್ಕು ಸೂಜಿಯ ವಿದ್ವಾಂಸ ಬಾಯಿ ಮುಚ್ಚಿಕೊಂಡ.

ಈಗಲೂ ನನ್ನ ಮತ ನಾಲ್ಕು ಸೂಜಿಗೇ. ಹುಡುಗನಿಗೆ ಹದಿನಾರು, ಬಸ್ಸು ಹಿಡಿಯಬೇಕು, ಆಟವಾಡಬೇಕು, ಅವನ ಬದುಕು ಒಂದು ಗಂಟೆಯ ಎಲೆಗೆ ಕಟ್ಟುಬೀಳಬಾರದು. ಆದರೆ ಆ ಕ್ರಮ ನನಗೆ ಒಗ್ಗಿದ್ದು ಇನ್ಸುಲಿನ್ ಚುಚ್ಚುವ ಪೆನ್ನಿನಿಂದಲ್ಲ. ಇಂಗ್ಲೆಂಡಿನಲ್ಲಿ ನನಗೆ ಇನ್ಸುಲಿನ್ ಉಚಿತ, ಬೆರಳು ಚುಚ್ಚಿ ನೋಡುವ ಪಟ್ಟಿ ಉಚಿತ, ಡ್ಯಾಫ್ನಿ ಎಂಬ ಐದು ದಿನದ ತರಗತಿಯಲ್ಲಿ ಅನ್ನ ತೂಗಿ ಅದರ ಪಿಷ್ಟಕ್ಕೆ ತಕ್ಕ ಇನ್ಸುಲಿನ್ ಲೆಕ್ಕ ಹಾಕುವುದನ್ನು ಕಲಿಸಿದರು. ಅಕ್ಕ ಒಂದೊಂದು ಪಟ್ಟಿಯನ್ನೂ ಕೈಯಿಂದ ದುಡ್ಡು ಕೊಟ್ಟು ತರುತ್ತಾಳೆ. ಅಕ್ಕಿರೊಟ್ಟಿಯ ಮೇಲೆ ಯಾವ ಕಂಪನಿಯೂ ಪಿಷ್ಟದ ಅಳತೆ ಅಚ್ಚುಹಾಕಿರುವುದಿಲ್ಲ. ಅದಿಲ್ಲದೆ ಅಂದಾಜಿನ ಮೇಲೆ ನಾಲ್ಕು ಸಲ ಚುಚ್ಚಿಕೊಳ್ಳುವುದಕ್ಕಿಂತ, ಹೊತ್ತಿಗೆ ಸರಿಯಾಗಿ ಉಣ್ಣುವ ಎರಡು ಸೂಜಿಯೇ ವಾಸಿ.

ಹಾಗಾಗಿ ಈ ಸಲ ಒಯ್ದದ್ದು ಅಡುಗೆಮನೆಯ ತಕ್ಕಡಿ. 60 ಗ್ರಾಂ ಅಕ್ಕಿಹಿಟ್ಟಿನ ಒಂದು ರೊಟ್ಟಿಗೆ ಸುಮಾರು 48 ಗ್ರಾಂ ಪಿಷ್ಟ. ಅಕ್ಕ ಅದನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡಳು, ಪಕ್ಕದಲ್ಲಿ ಮುದ್ದೆಯದನ್ನೂ ಬರೆದಳು. ಎರಡು ತಿಂಗಳ ಲೆಕ್ಕ ಹಿಡಿದು ಹಾಸನದ ಡಾಕ್ಟರ ಬಳಿ ಹೋದರು, ಅವರು ಕ್ರಮ ಬದಲಿಸಿಕೊಟ್ಟರು. ಮೊನ್ನೆ ಫೋನಿನಲ್ಲಿ ಅಕ್ಕ ಹೇಳಿದಳು: ರೊಟ್ಟಿ, ಮುದ್ದೆ ಎರಡೂ ಹದಕ್ಕೆ ಬಂದಿವೆ, ಕಡುಬಿನ ಲೆಕ್ಕ ಇನ್ನೂ ಕೂಡಿಬಂದಿಲ್ಲ, ಇವನು ಎಷ್ಟು ತಿಂದೆನೆಂದು ನಿಜ ಹೇಳುವುದಿಲ್ಲ.