ಜಿಲೇಬಿಗೆ ಬೋರ್ಡು, ಚಿಪ್ಸಿಗೆ ಸ್ಟಾರು

ಪಾಪ ಸಮೋಸ. 2025ರ ಜುಲೈನಲ್ಲಿ ಅದು ಪಟ್ಟ ಪಾಡು ನಿಮಗೆ ಗೊತ್ತೇ ಇದೆ. ಸಿಗರೇಟಿಗೆ ಇರುವಂಥ ಎಚ್ಚರಿಕೆ ಇನ್ನು ಸಮೋಸ, ಜಿಲೇಬಿಗೂ ಅಂತ ಟಿವಿಯವರು ಕಿರುಚಿದ್ದೇ ಕಿರುಚಿದ್ದು. ನಮ್ಮ ಬೀದಿಯ ಬೋಂಡದಂಗಡಿಯವನು ಜಾಲರಿ ಸೌಟು ಎತ್ತಿ ಹಿಡಿದು, "ಸಾರ್, ಗುಟ್ಕಾ ಪ್ಯಾಕೆಟ್ ಮೇಲೆ ಚೇಳು ಇತ್ತಲ್ಲ, ಅಂಥದ್ದು ಹಾಕ್ಬೇಕಾ?" ಅಂತ ಕೇಳಿದ. ಸೌಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಸರ್ಕಾರವೇ ಸ್ಪಷ್ಟನೆ ಕೊಟ್ಟಿತು. ಅಂಗಡಿಯವರಿಗೆ ಏನೂ ಇಲ್ಲ, ಬೊಜ್ಜು ಕಮ್ಮಿಯಾಗಲಿ ಅಂತ ಆಫೀಸುಗಳಲ್ಲಿ ಎಣ್ಣೆ-ಸಕ್ಕರೆ ಲೆಕ್ಕದ ಬೋರ್ಡು ಹಾಕಿ ಅಂತ ಸಲಹೆ, ಅಷ್ಟೇ.

ನಿಜ ಹೇಳ್ತೀನಿ, ನನಗೆ ಸ್ವಲ್ಪ ನಿರಾಸೆಯಾಯಿತು. ಸಿಗರೇಟು ಪ್ಯಾಕಿನ 85% ಜಾಗ ಎಚ್ಚರಿಕೆಯ ಚಿತ್ರ-ಬರಹಕ್ಕೇ ಬಿಡಬೇಕು ಅಂತ 2016ರಲ್ಲಿ ನಿಯಮ ಬಂತು. 2017ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟು ಅದನ್ನು ರದ್ದು ಮಾಡಿತು. ಮರುತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಚೌಕದ ಪ್ಯಾಕಿಗೇ ಇಷ್ಟು ಗಲಾಟೆ. ಇನ್ನು ಜಿಲೇಬಿಯ 85% ಅಳೆಯುವುದು ಹೇಗೆ? ಎಲ್ಲಿಂದ ಶುರು ಮಾಡ್ತೀರಿ? ಮದ್ದೂರು ವಡೆಯಾದರೆ ಅಗಲ ಇದೆ, ಅಚ್ಚು ಹಾಕಬಹುದು. ಮಸಾಲೆ ದೋಸೆಗೆ ಹೊರಗೆ ಹಾಕಬೇಕಾ, ಪಲ್ಯದ ಪಕ್ಕ ಒಳಗಾ? ಮಂಡಕ್ಕಿಗಂತೂ ಒಂದೊಂದು ಕಾಳಿಗೂ ಬರೆಯಬೇಕು. ಅದಕ್ಕೊಂದು ನಿಗಮ ಮಾಡಿದರೆ ಅಧ್ಯಕ್ಷಗಿರಿಗೆ ಎಷ್ಟು ಜನ ಶಾಸಕರು ಕಾದಿದ್ದಾರೆ!

ನಾನು ಆಗಾಗ ಹೋಗುವ ಒಂದು ಆಫೀಸಿನಲ್ಲಿ ಬೋರ್ಡು ಬಂದಿದೆ, ಲಿಫ್ಟಿನ ಪಕ್ಕ. 'ಮೆಟ್ಟಿಲು ಹತ್ತಿ, ಬೊಜ್ಜು ಕರಗಿಸಿ.' ಸರಿ, ಹತ್ತೋಣ ಅಂತ ಹೋದೆ. ಮೆಟ್ಟಿಲ ಬಾಗಿಲಿಗೆ ಬೀಗ. ಗಾಜಿನ ಕಿಂಡಿಯಲ್ಲಿ ಇಣುಕಿದರೆ ಒಳಗೆ ಹಳೇ ಫೈಲು, ಕಾಲು ಮುರಿದ ಕುರ್ಚಿ, ಮತ್ತೆ ಗೋಡೆಗೆ ಒರಗಿಸಿಟ್ಟ ಇನ್ನೂ ಮೂರು ಬೋರ್ಡು. ಲಿಫ್ಟಲ್ಲೇ ಮೇಲೆ ಹೋದೆ. ಮೀಟಿಂಗಿನಲ್ಲಿ ಪ್ಲೇಟು ತುಂಬ ಕ್ರೀಮ್ ಬಿಸ್ಕತ್ತು, ಸಕ್ಕರೆ ಪಾಕದಂಥ ಟೀ. ವಿಷಯ: ಆರೋಗ್ಯ ಜಾಗೃತಿ.

ಸಿಗರೇಟಿನಿಂದ ಪಾಠ ಕಲಿಯೋಣ ಅಂತಾರೆ. ಕಲಿಯೋಣ. ಬಸ್ಸಲ್ಲಿ, ಹೋಟೆಲಲ್ಲಿ ಪಕ್ಕದವನ ಹೊಗೆ ಕಮ್ಮಿಯಾಗಿದ್ದು ಬೋರ್ಡಿನಿಂದ ಅಲ್ಲ ಸ್ವಾಮಿ. ಜಾಹೀರಾತು ಬಂದ್ ಆಯಿತು, ತೆರಿಗೆ ಏರಿತು, 2008ರ ಗಾಂಧಿ ಜಯಂತಿಯಿಂದ ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ ಅಂತಾಯಿತು. ಅಷ್ಟೆಲ್ಲಾ ಪಾಠದಲ್ಲಿ ನಮ್ಮವರು ನಕಲು ಮಾಡಿದ್ದು ಯಾವುದನ್ನು? ಎಲ್ಲಕ್ಕಿಂತ ಅಗ್ಗದ್ದನ್ನು. ಬೋರ್ಡನ್ನು.

ತೆರಿಗೆ ಕಥೆ ಕೇಳಿ. 2025ರ ಜುಲೈನಲ್ಲಿ ಬೊಜ್ಜಿನ ಮೇಲೆ ಯುದ್ಧ ಸಾರಿದ್ದಾಯಿತು. ಸೆಪ್ಟೆಂಬರ್ 22ಕ್ಕೆ ಬಿಸ್ಕತ್ತು, ಚಾಕೊಲೇಟು, ಐಸ್‌ಕ್ರೀಮಿನ ಜಿಎಸ್‌ಟಿ 18ರಿಂದ 5%ಗೆ ಇಳಿಯಿತು. ಪ್ಯಾಕೆಟ್ಟಿನ ಖಾರ ತಿಂಡಿಗೂ 5%. ಕೋಲಾಗೆ ಮಾತ್ರ 40% ಹಾಕಿದರು, ಒಪ್ಪಿಕೊಳ್ಳೋಣ. ಆದರೆ ಐದು ರೂಪಾಯಿ ಪ್ಯಾಕೆಟ್ಟನ್ನು ನಾಲ್ಕೂವರೆಗೆ ಮಾರೋಕಾಗಲ್ಲ, ಚಿಲ್ಲರೆ ಎಲ್ಲಿಂದ ತರೋದು? ಹಾಗಾಗಿ ಕೆಲವು ಕಂಪನಿಗಳು ತೂಕವನ್ನೇ ಜಾಸ್ತಿ ಮಾಡಿದವು. ಯುದ್ಧದಲ್ಲಿ ಮೊದಲು ದಪ್ಪಗಾಗಿದ್ದು ಪ್ಯಾಕೆಟ್ಟು.

ಲೇಬಲ್ಲಿನದು ಇನ್ನೂ ಚೆಂದ. ಚಿಲಿ ದೇಶದಲ್ಲಿ 2016ರಿಂದ ಇಂಥ ಪ್ಯಾಕೆಟ್ಟಿನ ಮುಂದೆ ಎಂಟು ಮೂಲೆಯ ಕರೀ ಗುರುತು ಒತ್ತುತ್ತಾರೆ: ಸಕ್ಕರೆ ಜಾಸ್ತಿ, ಉಪ್ಪು ಜಾಸ್ತಿ. ಮಗುವಿಗೂ ಅರ್ಥವಾಗುತ್ತೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಕರಡು ತಂದಿತು. ಅದರಲ್ಲಿ ಏನಿತ್ತು ಅಂದ್ಕೊಂಡ್ರಿ? ಸ್ಟಾರು! ಅರ್ಧದಿಂದ ಐದರವರೆಗೆ. ಸಿಗರೇಟಿಗೆ ಕೊಳೆತ ಬಾಯಿಯ ಚಿತ್ರ, ಚಿಪ್ಸಿಗೆ ನಕ್ಷತ್ರ. ಎಷ್ಟೇ ಕೆಟ್ಟದಾಗಿದ್ದರೂ ಅರ್ಧ ಸ್ಟಾರು ಗ್ಯಾರಂಟಿ. ಲೇಬಲ್ ವಿಷಯ ಮೂರು ತಿಂಗಳಲ್ಲಿ ಮುಗಿಸಿ ಅಂತ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮೂರು ತಿಂಗಳು ಮುಗಿಯಿತು. ಇನ್ನಷ್ಟು ಟೈಮ್ ಕೇಳಿದರು.

ಅಂದಹಾಗೆ, ಸಿಗರೇಟು ಮಾರುವ ಐಟಿಸಿಯೇ ಬಿಸ್ಕತ್ತು, ನೂಡಲ್ಸನ್ನೂ ಮಾರುತ್ತದೆ. ಆ ಕಂಪನಿಯಲ್ಲಿ ಸುಮಾರು 15% ಪಾಲು ನಮ್ಮ ಎಲ್‌ಐಸಿಯದು. ಜೀವ ವಿಮೆ!

ನಗು ಬರೋದು ಇಲ್ಲಿವರೆಗೆ ಮಾತ್ರ. ಶಾಲೆಯಿಂದ 50 ಮೀಟರ್ ಒಳಗೆ ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿ ಮಾರಬಾರದು ಅಂತ 2020ರಲ್ಲೇ ನಿಯಮ ಆಗಿದೆ. ನಮ್ಮ ಏರಿಯಾದ ಶಾಲೆಯ ಗೇಟಿಗೆ ಬನ್ನಿ, ನಾಲ್ಕು ಗಂಟೆಗೆ. ಎದುರಿನ ಪೆಟ್ಟಿಗೆ ಅಂಗಡಿಗೆ ಚಿಪ್ಸಿನ ಸರಗಳನ್ನು ತೋರಣದ ಹಾಗೆ ಇಳಿಬಿಟ್ಟಿದ್ದಾರೆ. ಮಕ್ಕಳಿಗೆ ಆಡಲು ಮೈದಾನ ಇಲ್ಲ, ಇದ್ದಿದ್ದು ಪಾರ್ಕಿಂಗ್ ಆಗಿದೆ. ಫುಟ್‌ಪಾತಲ್ಲಿ ನಡೆಯೋಣ ಅಂದರೆ ಟ್ರಾನ್ಸ್‌ಫಾರ್ಮರ್. ಮೈ ಬಂದರೆ ಮಾತ್ರ ತಪ್ಪು ಆ ಮಗುವಿನದು, ಅದರ ಅಮ್ಮನದು. 'ನಾಲಿಗೆ ಹಿಡಿತದಲ್ಲಿರಲಿ' ಅಂತ ಅವರಿಗೆ ಉಪದೇಶ. ಸಾಕಾಗಿದೆ ಇದನ್ನು ಕೇಳಿ ಕೇಳಿ.

ಮೊನ್ನೆ ಆ ಅಂಗಡಿ ಮುಂದೆ ಒಬ್ಬ ಹುಡುಗ ಐದು ರೂಪಾಯಿ ನಾಣ್ಯ ಹಿಡಿದು ನಿಂತಿದ್ದ. ಚಿಪ್ಸಿಗೆ ಐದು. ಪಕ್ಕದಲ್ಲೇ ಗೊನೆ ನೇತಾಡುತ್ತಿತ್ತು. ಬಾಳೆಹಣ್ಣು ಒಂದಕ್ಕೆ ಎಂಟು.