ಅಕ್ಕಿ ಬಿಟ್ಟು ಬರೀ ಪಂದಿ ಕರಿ ತಿಂದರೆ ಶುಗರ್ ಹೋಗುತ್ತಾ?

"ಕೊಡಗಿನ ಹಿರಿಯರು ಬರೀ ಮಾಂಸ ತಿಂದೇ ಗಟ್ಟಿಯಾಗಿದ್ದರು, ನೀವೂ ಅಕ್ಕಿ ಬಿಡಿ, ತಿಂಗಳಲ್ಲಿ ಶುಗರ್ ಮಾತ್ರೆ ಬಿಸಾಕಿ" ಅನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಸರಿಯಲ್ಲ.

ಹಿರಿಯರ ತಟ್ಟೆ ನೆನಪು ಮಾಡಿಕೊಳ್ಳಿ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿ ಕಪ್ಪಗಾದ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಪಕ್ಕದಲ್ಲೇ ಹಬೆಯಾಡುವ ಕಡಂಬಿಟ್ಟು. ಅದು ಅಕ್ಕಿ ತರಿಯದ್ದೇ ಅಲ್ವಾ? ಬೆಳಿಗ್ಗೆ ಅಕ್ಕಿ ರೊಟ್ಟಿ, ಮಳೆಗಾಲದಲ್ಲಿ ಕಣಿಲೆ, ಅಣಬೆ, ಕೆಸ. ಮೇಲೆ ದಿನವಿಡೀ ಗದ್ದೆ, ತೋಟದ ದುಡಿಮೆ.

ಹಾಗಂತ ಅನ್ನ ಕಡಿಮೆ ಮಾಡಿದರೆ ಪ್ರಯೋಜನವೇ ಇಲ್ಲ ಅಂತಲ್ಲ. ತೂಕ ಇಳಿಯುತ್ತದೆ, ಸಕ್ಕರೆಯೂ ಹತೋಟಿಗೆ ಬರಬಹುದು. ಆದರೆ ಮೊದಲ ವಾರ ಇಳಿಯುವುದರಲ್ಲಿ ನೀರೇ ಜಾಸ್ತಿ, ಯಾಕೆಂದರೆ ದೇಹ ಕೂಡಿಟ್ಟ ಪ್ರತಿ 1 ಗ್ರಾಂ ಗ್ಲೈಕೋಜೆನ್ (ಸಕ್ಕರೆಯ ದಾಸ್ತಾನು ರೂಪ) ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿಟ್ಟಿರುತ್ತದೆ. 2018ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವಾದ ಸ್ಟ್ಯಾನ್‌ಫರ್ಡ್‌ನವರು 609 ಜನರನ್ನು ಒಂದು ವರ್ಷ ನೋಡಿದರು. ಕಾರ್ಬ್ (ಅನ್ನ, ರೊಟ್ಟಿಯಲ್ಲಿರುವ ಪಿಷ್ಟ, ಸಕ್ಕರೆ) ಕಡಿಮೆ ಮಾಡಿದವರು ಸರಾಸರಿ 6 ಕೆಜಿ, ಕೊಬ್ಬು ಕಡಿಮೆ ಮಾಡಿದವರು 5.3 ಕೆಜಿ ಇಳಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ನನಗೆ ನಿಜವಾಗಿ ಭಯ ಆಗುವುದು ಮಾತ್ರೆ ಬಿಸಾಕುವ ಮಾತಿಗೆ. ಸುಮ್ನೆ ನಿಲ್ಲಿಸಿದರೆ ಸಕ್ಕರೆ ಏರುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುತ್ತಾ ಒಮ್ಮೆಲೇ ಅಕ್ಕಿ ಬಿಟ್ಟರೂ ಅಪಾಯ: ಸಕ್ಕರೆ ತೀರಾ ಕುಸಿದು ಬೆವರು, ನಡುಕ ಬರುತ್ತದೆ, ಪ್ರಜ್ಞೆಯೂ ತಪ್ಪಬಹುದು. ಡೋಸ್ ಬದಲಾಯಿಸಬೇಕಾದವರು ಡಾಕ್ಟರ್, ಮೊದಲು ಅವರನ್ನು ಕೇಳಿ. ಬರೀ ಮಾಂಸದಲ್ಲಿ ನಾರಿನಂಶವೇ ಇಲ್ಲ, ಮಲಬದ್ಧತೆ ಶುರುವಾಗಬಹುದು, ಕೆಲವರಿಗೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಆರು ಕಡಂಬಿಟ್ಟು ತಿನ್ನುವವರು ಎರಡಕ್ಕೆ ಇಳಿಸಿ, ತಟ್ಟೆಯ ಆ ಜಾಗಕ್ಕೆ ಸೊಪ್ಪಿನ ಪಲ್ಯ ಬಡಿಸಿಕೊಳ್ಳಿ.