ಆರ್.ಕೆ. ಲಕ್ಷ್ಮಣ್ ಜೆ.ಜೆ. ಶಾಲೆಯಲ್ಲಿ ಓದಿದವರಲ್ಲ

‘ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಮುಂಬೈನ ಜೆ.ಜೆ. ಕಲಾ ಶಾಲೆಯಲ್ಲಿ ಕಲಿತು, ನೇರವಾಗಿ ಟೈಮ್ಸ್ ಆಫ್ ಇಂಡಿಯಾ ಸೇರಿದರು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡು ಮಾತೂ ತಪ್ಪು.

ಲಕ್ಷ್ಮಣ್ ಹುಟ್ಟಿದ್ದು 1921ರಲ್ಲಿ, ಮೈಸೂರಿನಲ್ಲಿ. ಸ್ಕೂಲಿನಲ್ಲಿ ಅವರು ಬರೆದ ಅರಳಿ ಎಲೆಯ ಚಿತ್ರವನ್ನು ಮೇಷ್ಟ್ರು ಮೆಚ್ಚಿಕೊಂಡರು. ಆಮೇಲೆ ಹುಡುಗ ಕೈಗೆ ಸಿಕ್ಕಿದ್ದನ್ನೆಲ್ಲ ಗೀಚತೊಡಗಿದ. ಕಾಗೆಗಳೆಂದರೆ ಪ್ರಾಣ. ಜೆ.ಜೆ. ಶಾಲೆಗೆ ಅರ್ಜಿ ಹಾಕಿದ್ದೇನೋ ನಿಜ. ಆದರೆ ಅಲ್ಲಿ ಸೇರುವಷ್ಟು ಪ್ರತಿಭೆ ನಿಮ್ಮ ಚಿತ್ರಗಳಲ್ಲಿಲ್ಲ ಎಂದು ಡೀನ್ ವಾಪಸ್ ಬರೆದರು! ಕೊನೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲೇ ಬಿ.ಎ. ಆಯಿತು. ಓದುತ್ತಿರುವಾಗಲೇ ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ‘ದಿ ಹಿಂದೂ’ ಪತ್ರಿಕೆಯಲ್ಲಿ ಚಿತ್ರ ಬರೆದರು. ನಮ್ಮ ಕನ್ನಡದ ಹಾಸ್ಯ ಪತ್ರಿಕೆ ‘ಕೊರವಂಜಿ’ಗೂ ಬರೆದಿದ್ದಾರೆ. ಇದನ್ನು ಯಾರೂ ಫಾರ್ವರ್ಡ್ ಮಾಡೋದಿಲ್ಲ, ಅಲ್ವಾ?

ಮುಂಬೈನಲ್ಲಿ ಮೊದಲು ಪೂರ್ಣಾವಧಿ ವ್ಯಂಗ್ಯಚಿತ್ರಕಾರರಾಗಿ ಸೇರಿದ್ದು ಫ್ರೀ ಪ್ರೆಸ್ ಜರ್ನಲ್‌ಗೆ. ಬಾಳ ಠಾಕ್ರೆ ಅಲ್ಲಿ ಸಹೋದ್ಯೋಗಿ. ಟೈಮ್ಸ್‌ಗೆ ಬಂದದ್ದು ಅದಾದ ಮೇಲೆ. ಪಂಚೆ, ಚೌಕಳಿ ಕೋಟು, ದುಂಡು ಕನ್ನಡಕದ ಆ ಬಾಯಿಬಿಡದ ಮುದುಕಪ್ಪ, ಅಂದರೆ ‘ಕಾಮನ್ ಮ್ಯಾನ್’, ‘ಯೂ ಸೆಡ್ ಇಟ್’ ಎಂಬ ವ್ಯಂಗ್ಯಚಿತ್ರದ ಚೌಕಟ್ಟಿನೊಳಗೆ ದಶಕಗಟ್ಟಲೆ ನಿಂತದ್ದು ಅಲ್ಲೇ. ಮಂತ್ರಿಗಳು ಬದಲಾದರು, ಅವನ ಕೋಟು ಬದಲಾಗಲಿಲ್ಲ.

ಜೆ.ಜೆ. ಶಾಲೆಗೆ ಲಕ್ಷ್ಮಣ್ ಮುಂದೆ ಹೋದದ್ದುಂಟು. ವಿದ್ಯಾರ್ಥಿಯಾಗಿ ಅಲ್ಲ, ಹೆಸರು ಮಾಡಿದ ಮೇಲೆ ಅತಿಥಿಯಾಗಿ.